ಲೈಬೀರಿಯ: ಸರ್ವಾಧಿಕಾರ ಮತ್ತು ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ

ಪಶ್ಚಿಮ ಆಫ್ರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ, ಸಿಯೆರಾ ಲಿಯೋನ್, ಗಿನಿ ಮತ್ತು ಐವರಿ ಕೋಸ್ಟ್‌ಗಳ ನಡುವೆ ಇರುವ ಗಣರಾಜ್ಯ ಲೈಬೀರಿಯ. 1980ರಿಂದ 2003ರವರೆಗೆ ಈ ದೇಶ ಸೇನಾ ಸರ್ವಾಧಿಕಾರವನ್ನೂ ಒಂದರ ಹಿಂದೆ ಒಂದರಂತೆ ಎರಡು ಅಂತರ್ಯುದ್ಧಗಳನ್ನೂ ಅನುಭವಿಸಿತು. ಸತ್ತವರು ಸುಮಾರು ಎರಡೂವರೆ ಲಕ್ಷ ಎಂಬುದು ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗದ ಅಂದಾಜು. ಯುದ್ಧ ಶುರುವಾದಾಗ ದೇಶದ ಒಟ್ಟು ಜನಸಂಖ್ಯೆ 30 ಲಕ್ಷವನ್ನೂ ಮುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ. 2003ರ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದವಾದ ಮೇಲೆ ದೊಡ್ಡ ಪ್ರಮಾಣದ ಹೋರಾಟ ಮತ್ತೆ ನಡೆದಿಲ್ಲ. ಯುದ್ಧ ಮುಗಿಸಿದ ಎಷ್ಟೋ ದೇಶಗಳು ಹತ್ತು ವರ್ಷದೊಳಗೆ ಮತ್ತೆ ಯುದ್ಧಕ್ಕೆ ಬಿದ್ದಿರುವಾಗ ಇದು ಸಣ್ಣ ಸಾಧನೆಯಲ್ಲ. ಆದರೂ ಲೈಬೀರಿಯದ ಪುನರ್ನಿರ್ಮಾಣವನ್ನು ಅಳೆಯಲು ಬಂದೂಕಿನ ಸದ್ದು ನಿಂತದ್ದೊಂದೇ ಸಾಲದು. ರಾಜಧಾನಿ ಮಾನ್ರೋವಿಯದಲ್ಲಿ ಕುಳಿತು ಒಳನಾಡಿನಿಂದ ತೆರಿಗೆ, ಮರ, ಕೂಲಿಯಾಳುಗಳನ್ನು ಎಳೆದುಕೊಳ್ಳುತ್ತಿದ್ದ ಹಳೆಯ ರಾಜ್ಯವ್ಯವಸ್ಥೆಯೇ ಯುದ್ಧಕ್ಕೆ ಬೀಜ ಹಾಕಿತ್ತು. ಅದನ್ನು ಇದ್ದಂತೆಯೇ ಎತ್ತಿ ನಿಲ್ಲಿಸುವುದೋ, ಒಳನಾಡಿನ ಜನರನ್ನೂ ಹಕ್ಕುದಾರರನ್ನಾಗಿ ಮಾಡುವ ಬೇರೆ ರಾಜ್ಯವನ್ನು ಕಟ್ಟುವುದೋ ಎಂಬುದೇ 2003ರ ನಂತರದ ಎಲ್ಲ ಸುಧಾರಣೆಗಳ ಒಳಗಿದ್ದ ಪ್ರಶ್ನೆ.

ಕರಾವಳಿಯ ರಾಜ್ಯ, ಒಳನಾಡಿನ ಪ್ರಜೆಗಳು

ಅಮೆರಿಕದ ಸ್ವತಂತ್ರ ಕಪ್ಪುಜನರನ್ನೂ ಗುಲಾಮಗಿರಿಯಿಂದ ಬಿಡುಗಡೆಯಾದವರನ್ನೂ ಆಫ್ರಿಕಕ್ಕೆ ಕಳಿಸಲು ಹುಟ್ಟಿದ ಅಮೆರಿಕನ್ ಕಾಲೊನೈಸೇಷನ್ ಸೊಸೈಟಿ 1822ರಲ್ಲಿ ಮೆಸುರಾಡೊ ಭೂಶಿರದಲ್ಲಿ ನೆಲೆ ಊರಿತು. 1847ರ ಜುಲೈ 26ರಂದು ಈ ವಲಸಿಗರು ಸ್ವಾತಂತ್ರ್ಯ ಘೋಷಿಸಿಕೊಂಡರು. ಅವರ ಸಂತತಿಯನ್ನು ಪುಸ್ತಕಗಳು ಅಮೆರಿಕೊ-ಲೈಬೀರಿಯನ್ನರು ಎನ್ನುತ್ತವೆ. ಸ್ಥಳೀಯರ ಬಾಯಲ್ಲಿ ಅವರು ‘ಕಾಂಗೋ’ ಜನ. ಜನಸಂಖ್ಯೆಯಲ್ಲಿ ಶೇ. 5ರಷ್ಟೂ ಇರದ ಇವರ ಟ್ರೂ ವಿಗ್ ಪಕ್ಷ 1878ರಿಂದ 1980ರವರೆಗೆ ಎಡೆಬಿಡದೆ ಆಳಿತು. ಗುಲಾಮಗಿರಿಯ ನೋವುಂಡ ಜನರೇ ಒಳನಾಡಿನ ಕ್ಪೆಲ್ಲೆ, ಗಿಯೋ, ಮಾನೋ, ಕ್ರು, ಲೋಮಾ ಮೊದಲಾದ ಸಮುದಾಯಗಳ ಮೇಲೆ ಗುಡಿಸಲು ತೆರಿಗೆ ಹೇರಿದರು, ಬಿಟ್ಟಿ ದುಡಿಸಿಕೊಂಡರು. ಸ್ಪ್ಯಾನಿಷ್ ವಸಾಹತು ಫರ್ನಾಂಡೊ ಪೊದ ತೋಟಗಳಿಗೆ ಕೂಲಿಯಾಳುಗಳನ್ನು ಬಲವಂತವಾಗಿ ಸಾಗಿಸಿದ್ದನ್ನು ರಾಷ್ಟ್ರಸಂಘದ ತನಿಖೆ ಬಯಲಿಗೆಳೆದಾಗ, 1930ರಲ್ಲಿ ಅಧ್ಯಕ್ಷ ಚಾರ್ಲ್ಸ್ ಕಿಂಗ್ ರಾಜೀನಾಮೆ ಕೊಡಬೇಕಾಯಿತು.

1926ರಲ್ಲಿ ಫೈರ್‌ಸ್ಟೋನ್ ಕಂಪನಿಗೆ ರಬ್ಬರ್ ಬೆಳೆಯಲು ಹತ್ತು ಲಕ್ಷ ಎಕರೆಯವರೆಗೆ, ಎಕರೆಗೆ ವರ್ಷಕ್ಕೆ 6 ಸೆಂಟ್‌ನಂತೆ, 99 ವರ್ಷಗಳ ಗುತ್ತಿಗೆ ಸಿಕ್ಕಿತು. ಅಲ್ಲಿ ಬದುಕುತ್ತಿದ್ದವರನ್ನು ಕೇಳಿದವರಿಲ್ಲ. ಒಳನಾಡಿನ ನಿಂಬಾ, ಲೋಫಾ, ಬಾಂಗ್, ಗ್ರ್ಯಾಂಡ್ ಗೆಡೆ ಪ್ರದೇಶಗಳಿಗೆ ಪೂರ್ಣ ಪ್ರಮಾಣದ ಕೌಂಟಿಯ, ಅಂದರೆ ಜಿಲ್ಲೆಯ, ಸ್ಥಾನ ಬಂದದ್ದೇ 1964ರಲ್ಲಿ, ಸ್ವಾತಂತ್ರ್ಯ ಬಂದ 117 ವರ್ಷಗಳ ಮೇಲೆ.

ಡೋ ಮತ್ತು ಟೇಲರ್

1979ರಲ್ಲಿ ವಿಲಿಯಂ ಟಾಲ್ಬರ್ಟ್ ಸರ್ಕಾರ ಅಕ್ಕಿ ಮೂಟೆಯ ಬೆಲೆಯನ್ನು ಏರಿಸಲು ಹೊರಟಿತು. ಅಕ್ಕಿಯೇ ಮುಖ್ಯ ಆಹಾರವಾದ ನಾಡಿನಲ್ಲಿ ಇದು ಹೊಟ್ಟೆಗೇ ಕೈಹಾಕಿದಂತಾಯಿತು. ಏಪ್ರಿಲ್ 14ರ ಪ್ರತಿಭಟನೆಯ ಮೇಲೆ ಗುಂಡು ಹಾರಿ ಹಲವರು ಸತ್ತರು. ಒಂದು ವರ್ಷದ ಬಳಿಕ, 1980ರ ಏಪ್ರಿಲ್ 12ರ ನಸುಕಿನಲ್ಲಿ ಮಾಸ್ಟರ್ ಸಾರ್ಜೆಂಟ್ ಸ್ಯಾಮ್ಯುಯೆಲ್ ಡೋ ನೇತೃತ್ವದ ಸೈನಿಕರು ಟಾಲ್ಬರ್ಟ್‌ನನ್ನು ಅಧ್ಯಕ್ಷರ ಭವನದಲ್ಲೇ ಕೊಂದರು. ಹತ್ತು ದಿನಗಳ ನಂತರ ಹದಿಮೂರು ಮಂದಿ ಹಿರಿಯ ಅಧಿಕಾರಸ್ಥರನ್ನು ಸಮುದ್ರತೀರದಲ್ಲಿ ಕಂಬಗಳಿಗೆ ಕಟ್ಟಿ ಗುಂಡಿಕ್ಕಲಾಯಿತು. ಒಳನಾಡಿನವನೊಬ್ಬ ಗದ್ದುಗೆ ಏರಿದನೆಂದು ಬೀದಿಯಲ್ಲಿ ಕುಣಿದವರಿಗೆ ಬೇಗನೆ ನಿರಾಸೆ ಕಾದಿತ್ತು. ಡೋ ತನ್ನ ಕ್ರಾನ್ ಸಮುದಾಯದವರನ್ನು ಸೈನ್ಯದಲ್ಲಿ ತುಂಬಿದ. 1985ರ ಚುನಾವಣೆಯಲ್ಲಿ ಮೋಸ ಮಾಡಿ ಶೇ. 50.9 ಮತ ಬಂತೆಂದು ಸಾರಿಸಿಕೊಂಡ. ಅದೇ ನವೆಂಬರಿನಲ್ಲಿ ಥಾಮಸ್ ಕ್ವಿವೊಂಕ್ಪಾ ನಡೆಸಿದ ದಂಗೆ ವಿಫಲವಾದಾಗ ನಿಂಬಾದ ಗಿಯೋ ಮತ್ತು ಮಾನೋ ಜನರ ಮೇಲೆ ಸೈನ್ಯ ಸೇಡು ತೀರಿಸಿಕೊಂಡಿತು.

1989ರ ಕ್ರಿಸ್‌ಮಸ್ ಮುನ್ನಾದಿನ ಚಾರ್ಲ್ಸ್ ಟೇಲರ್‌ನ ಸಣ್ಣದೊಂದು ಪಡೆ ಐವರಿ ಕೋಸ್ಟ್ ಕಡೆಯಿಂದ ನಿಂಬಾಕ್ಕೆ ನುಗ್ಗಿದಾಗ ಈ ಗಾಯವೇ ಅವನಿಗೆ ಸೈನಿಕರನ್ನು ಒದಗಿಸಿತು. 1990ರ ಜುಲೈನಲ್ಲಿ ಮಾನ್ರೋವಿಯದ ಸಿಂಕೋರ್ ಬಡಾವಣೆಯ ಸೇಂಟ್ ಪೀಟರ್ಸ್ ಲೂಥರನ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಡೋನ ಸೈನಿಕರು ಕೊಂದರು. ಸೆಪ್ಟೆಂಬರಿನಲ್ಲಿ ಡೋ, ಟೇಲರ್‌ನಿಂದ ಸಿಡಿದುಹೋಗಿದ್ದ ಪ್ರಿನ್ಸ್ ಜಾನ್ಸನ್‌ನ ಕೈಗೆ ಸಿಕ್ಕಿ ಚಿತ್ರಹಿಂಸೆಯಲ್ಲಿ ಸತ್ತ. ಮಾನ್ರೋವಿಯದಲ್ಲಿ ಪಶ್ಚಿಮ ಆಫ್ರಿಕದ ರಾಷ್ಟ್ರಗಳ ಎಕೊಮಾಗ್ ಪಡೆಯ ಆಸರೆಯಲ್ಲಿ ಒಂದು ಸರ್ಕಾರ. ಬಾಂಗಾದಲ್ಲಿ ಟೇಲರ್‌ನ ಇನ್ನೊಂದು. ಎರಡು ಕಡೆ ಎರಡು ಬಗೆಯ ನೋಟುಗಳೂ ಚಲಾವಣೆಯಲ್ಲಿದ್ದವು. 1997ರ ಜುಲೈನ ಚುನಾವಣೆಯಲ್ಲಿ ಟೇಲರ್ ಶೇ. 75 ಮತ ಪಡೆದು ಗೆದ್ದ. ಅವನು ಸೋತರೆ ಮತ್ತೆ ಯುದ್ಧವೇ ಎಂಬ ಹೆದರಿಕೆ ಆ ಮತಗಳಲ್ಲಿ ದೊಡ್ಡ ಪಾಲು ಹೊಂದಿತ್ತು. ಕೊಂದವನಿಗೇ ಮತ ಹಾಕಿದರೆಂದು ಆ ಜನರನ್ನು ದೂರುವುದು ಅನ್ಯಾಯ. ಅವರ ಮುಂದೆ ಇದ್ದ ಆಯ್ಕೆ ಅಷ್ಟೇ. 1999ರಲ್ಲಿ ಉತ್ತರದ ಲೋಫಾದಿಂದ ಲರ್ಡ್ ಬಂಡಾಯಗಾರರೂ 2003ರಲ್ಲಿ ಆಗ್ನೇಯದಿಂದ ಮಾಡೆಲ್ ಬಂಡಾಯಗಾರರೂ ನುಗ್ಗಿ ಎರಡನೇ ಯುದ್ಧ ರಾಜಧಾನಿಯ ಬಾಗಿಲಿಗೆ ಬಂತು.

ಅಕ್ರಾ ಒಪ್ಪಂದ

2003ರ ಜೂನ್ 4ರಂದು ಘಾನಾದಲ್ಲಿ ಶಾಂತಿ ಮಾತುಕತೆ ಆರಂಭವಾಗುವ ಹೊತ್ತಿಗೇ ಸಿಯೆರಾ ಲಿಯೋನ್ ವಿಶೇಷ ನ್ಯಾಯಾಲಯ ಟೇಲರ್ ಮೇಲಿನ ದೋಷಾರೋಪವನ್ನು ಬಹಿರಂಗಪಡಿಸಿತು. ನೈಜೀರಿಯದ ಮಾಜಿ ಆಡಳಿತಗಾರ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಸಂಧಾನಕಾರರಾಗಿದ್ದರು. ವಾರಗಟ್ಟಲೆ ಮಾತು ಎಳೆಯುತ್ತಿದ್ದಾಗ ಮಾನ್ರೋವಿಯದ ಮೇಲೆ ಷೆಲ್‌ಗಳು ಬೀಳುತ್ತಿದ್ದವು. ಅದೇ ವರ್ಷ ಸಿಂಕೋರ್‌ನ ಮೀನು ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ ಬಿಳಿ ಅಂಗಿ ತೊಟ್ಟು ಬಿಸಿಲು ಮಳೆ ಎನ್ನದೆ ಕುಳಿತಿದ್ದ ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರ ಚಳವಳಿಯ ಒಂದು ತಂಡ, ಲೇಮಾ ಬೋವೀ ಮುಂದಾಳುತನದಲ್ಲಿ, ಅಕ್ರಾಕ್ಕೂ ಹೋಗಿತ್ತು. ಜುಲೈನಲ್ಲಿ ಈ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತು, ಒಪ್ಪಂದವಾಗದೆ ಯಾರನ್ನೂ ಹೊರಗೆ ಬಿಡುವುದಿಲ್ಲವೆಂದು ಪಟ್ಟು ಹಿಡಿದರು. ಕಾವಲಿನವರು ಬಂಧಿಸಲು ಬಂದಾಗ ಬೋವೀ ತಾವೇ ಬಟ್ಟೆ ಕಳಚಲು ಮುಂದಾದರು. ತಾಯಿಯ ವಯಸ್ಸಿನ ಹೆಂಗಸು ತಾನಾಗಿ ಬೆತ್ತಲಾಗುವುದು ಅಲ್ಲಿ ನೋಡಿದ ಗಂಡಸಿಗೆ ದೊಡ್ಡ ಶಾಪ. ಅಬೂಬಕರ್ ಮಧ್ಯೆ ಬಂದು ಮಾತುಕತೆಯನ್ನು ಬಿರುಸುಗೊಳಿಸಿದರು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ನೈಜೀರಿಯದ ಕಲಬಾರ್‌ಗೆ ಹೋದ. 18ರಂದು ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಹೆಂಗಸರು ಬಾಗಿಲಲ್ಲಿ ಕುಳಿತು ತಂದ ಶಾಂತಿಯ ಫಲವನ್ನು ಒಳಗೆ ಕುಳಿತ ಬಂದೂಕುಧಾರಿಗಳು ಹಂಚಿಕೊಂಡರು. 76 ಸ್ಥಾನಗಳ ಮಧ್ಯಂತರ ಶಾಸನಸಭೆಯಲ್ಲಿ ಟೇಲರ್ ಕಡೆಯವರಿಗೂ ಎರಡು ಬಂಡಾಯ ಗುಂಪುಗಳಿಗೂ ತಲಾ 12. ನಾಗರಿಕ ಸಂಘಟನೆಗಳಿಗೆಲ್ಲ ಸೇರಿ 7. ಮಂತ್ರಿಖಾತೆಗಳೂ ಸರ್ಕಾರಿ ನಿಗಮಗಳೂ ಹೀಗೆಯೇ ಪಾಲಾದವು. ಉದ್ಯಮಿ ಗ್ಯೂಡಿ ಬ್ರಯಂಟ್ ಮಧ್ಯಂತರ ಸರ್ಕಾರದ ಮುಖ್ಯಸ್ಥರಾದರು. ಯುದ್ಧ ನಿಲ್ಲಿಸಲು ಈ ಬೆಲೆ ಅನಿವಾರ್ಯವಾಗಿತ್ತೆಂದು ಸಂಧಾನದಲ್ಲಿದ್ದವರು ವಾದಿಸುತ್ತಾರೆ. ಮುಂದಿನ ಎರಡು ವರ್ಷ ಬೊಕ್ಕಸ ಸೋರಿದ್ದಕ್ಕೂ ಈ ಹಂಚಿಕೆಯೇ ಕಾರಣ.

ಶಸ್ತ್ರತ್ಯಾಗ, ಸೈನ್ಯ, ಪೊಲೀಸ್

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರ ಸೆಪ್ಟೆಂಬರ್ 19ರಂದು 1509ನೇ ನಿರ್ಣಯದ ಮೂಲಕ 15,000 ಸೈನಿಕರವರೆಗಿನ ಶಾಂತಿಪಾಲನಾ ಪಡೆಯನ್ನು ಮಂಜೂರು ಮಾಡಿತು. ಸಾಕಷ್ಟು ಸೈನಿಕರು ಬಂದಿಳಿಯುವ ಮೊದಲೇ, ಡಿಸೆಂಬರಿನಲ್ಲಿ, ಮಾನ್ರೋವಿಯದ ಹೊರಗಿನ ಶೀಫಲಿನ್ ಶಿಬಿರದಲ್ಲಿ ಶಸ್ತ್ರ ಒಪ್ಪಿಸುವ ಕಾರ್ಯಕ್ರಮ ಶುರುವಾಯಿತು. ನಿರೀಕ್ಷೆ ಮೀರಿ ಹೋರಾಟಗಾರರು ಮುಗಿಬಿದ್ದರು, ಹಣ ಈಗಲೇ ಬೇಕೆಂದು ರೊಚ್ಚಿಗೆದ್ದರು. ಗಲಭೆಯಲ್ಲಿ ಜೀವಹಾನಿಯೂ ಆಯಿತು. ಕಾರ್ಯಕ್ರಮ ನಿಂತು, ಮತ್ತೆ ಸರಿಯಾಗಿ ಆರಂಭವಾದದ್ದು 2004ರ ಏಪ್ರಿಲಿನಲ್ಲಿ. ಒಂದು ಬಂದೂಕನ್ನೋ 150 ಗುಂಡುಗಳನ್ನೋ ಒಪ್ಪಿಸಿದವರಿಗೆ ಎರಡು ಕಂತಿನಲ್ಲಿ 300 ಡಾಲರ್, ಆಮೇಲೆ ಶಾಲೆ ಅಥವಾ ಕಸುಬಿನ ತರಬೇತಿ. 38,000 ಮಂದಿ ಬರಬಹುದೆಂದು ಎಣಿಸಿದ್ದ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಸಿಕ್ಕ ಬಂದೂಕುಗಳು ಸುಮಾರು 28,000. ಎಂದೂ ಹೋರಾಡದ ಎಷ್ಟೋ ಮಂದಿ ಒಂದು ಹಿಡಿ ಗುಂಡು ಹೊಂದಿಸಿಕೊಂಡು ಸಾಲಿನಲ್ಲಿ ನಿಂತರು. ಆದರೆ ಹೋರಾಟಗಾರರಲ್ಲದವರು ಹಣ ಪಡೆದದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದು ದಿಕ್ಕಿನಲ್ಲಿತ್ತು: ಕಮಾಂಡರುಗಳ ವಶದಲ್ಲಿ ಅಡುಗೆಗೂ ಹೊರೆಗೂ ಹಾಸಿಗೆಗೂ ದುಡಿದ ಹುಡುಗಿಯರಲ್ಲಿ ಬಹಳಷ್ಟು ಜನ ತಮ್ಮ ಬಳಿ ಬಂದೂಕಿಲ್ಲವೆಂಬ ಕಾರಣಕ್ಕೆ ಹೊರಗುಳಿದರು.

ತರಬೇತಿ ಮುಗಿಸಿದ ಬಡಗಿಗೆ, ಗಾರೆಯವನಿಗೆ ಕೆಲಸ ಕೊಡುವ ಊರುಗಳಿರಲಿಲ್ಲ. ಬೋಮಿ ಕೌಂಟಿಯ ಗಥ್ರಿ ರಬ್ಬರ್ ತೋಟವನ್ನು ಮಾಜಿ ಬಂಡಾಯಗಾರರು ಹಿಡಿದಿಟ್ಟುಕೊಂಡು, ಹಾಲು ಇಳಿಸಿ ಮಾರುತ್ತಾ ತಮ್ಮದೇ ದರ್ಬಾರು ನಡೆಸಿದರು. 2006ರ ಆಗಸ್ಟಿನವರೆಗೂ ಸರ್ಕಾರ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ.

ಹಳೆಯ ಸೈನ್ಯವನ್ನು ಪೂರ್ತಿ ವಿಸರ್ಜಿಸಿ ಹೊಸದಾಗಿ ಸುಮಾರು 2,000 ಜನರ ಸೈನ್ಯ ಕಟ್ಟಿದ್ದು ಬೇರೆಡೆ ಅಪರೂಪವಾದ ಪ್ರಯೋಗ. ಅಮೆರಿಕ ಈ ಕೆಲಸವನ್ನು ಡೈನ್‌ಕಾರ್ಪ್ ಎಂಬ ಖಾಸಗಿ ಕಂಪನಿಗೆ ವಹಿಸಿತು. ಅಭ್ಯರ್ಥಿಗಳ ಫೋಟೋಗಳನ್ನು ಊರೂರಲ್ಲಿ ಪ್ರಕಟಿಸಿ, ಇವರಲ್ಲಿ ಯಾರಾದರೂ ಕೊಲೆ ಸುಲಿಗೆ ಮಾಡಿದ್ದು ಗೊತ್ತಿದ್ದರೆ ಬಂದು ಹೇಳಿ ಎಂದು ಜನರನ್ನು ಕೇಳಲಾಯಿತು. ಯುದ್ಧದಲ್ಲಿ ಕಡತಗಳೆಲ್ಲ ಸುಟ್ಟುಹೋದ ದೇಶದಲ್ಲಿ ನೆರೆಹೊರೆಯವರ ನೆನಪೇ ದಾಖಲೆಯಾಯಿತು. ಸೈನ್ಯದ ದಂಡನಾಯಕತ್ವ ನೈಜೀರಿಯದ ಅಧಿಕಾರಿಗಳ ಕೈಯಿಂದ ಲೈಬೀರಿಯದವರೇ ಆದ ಡೇನಿಯಲ್ ಝಿಯಾಂಕಾನ್ ಕೈಗೆ ಬಂದದ್ದು 2014ರಲ್ಲಿ. ಪೊಲೀಸ್ ಸುಧಾರಣೆ ಇಷ್ಟು ಬುಡದಿಂದ ನಡೆಯಲಿಲ್ಲ. ಹಳಬರಲ್ಲಿ ಕೆಲವರನ್ನು ತೆಗೆದು ಉಳಿದವರಿಗೆ ಮರುತರಬೇತಿ ಕೊಡಲಾಯಿತು. ವಾಹನಕ್ಕೆ ಡೀಸೆಲ್ ಇಲ್ಲದ, ದೂರು ಬರೆಯಲು ಕಾಗದವೂ ದೂರುದಾರರೇ ತರಬೇಕಾದ ಠಾಣೆಗಳು ಒಳನಾಡಿನಲ್ಲಿ ಬಹುಕಾಲ ಉಳಿದವು.

ಈ ಭಾಗದಲ್ಲಿ ಭಾರತದ ಪಾತ್ರ ಎದ್ದು ಕಾಣುತ್ತದೆ. 2007ರ ಜನವರಿಯಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಹೆಚ್ಚು ಮಹಿಳೆಯರ ತುಕಡಿ ಮಾನ್ರೋವಿಯಕ್ಕೆ ಬಂದಿಳಿಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯ ಇತಿಹಾಸದಲ್ಲಿ ಇದು ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ತುಕಡಿ. ರಾತ್ರಿ ಗಸ್ತು, ಗಲಭೆ ನಿಯಂತ್ರಣ, ಅಧ್ಯಕ್ಷರ ಕಚೇರಿಯ ಕಾವಲು ಇವರ ಕೆಲಸ. ವರ್ಷವರ್ಷವೂ ಹೊಸ ತಂಡಗಳು ಬಂದು, 2016ರ ಫೆಬ್ರವರಿಯಲ್ಲಿ ಕೊನೆಯ ತಂಡ ಹಿಂತಿರುಗಿತು. ಈ ಅವಧಿಯಲ್ಲಿ ಲೈಬೀರಿಯದ ಭದ್ರತಾ ಪಡೆಗಳಲ್ಲಿ ಮಹಿಳೆಯರ ಪಾಲು ಶೇ. 6ರಿಂದ 17ಕ್ಕೆ ಏರಿತು. ಅದರ ಕೀರ್ತಿಯನ್ನೆಲ್ಲ ಭಾರತೀಯರಿಗೇ ಕೊಡಲಾಗದು. ಪ್ರೌಢಶಾಲೆ ಮುಗಿಸದ ಹುಡುಗಿಯರಿಗೆ ಶಾಲೆ ಪೂರೈಸಿ ಪೊಲೀಸ್ ಸೇರಲು ಮಾಡಿದ ವಿಶೇಷ ವ್ಯವಸ್ಥೆಯೂ ಕಾರಣ. ಆದರೆ ಸಮವಸ್ತ್ರ ಎಂದರೆ ಅತ್ಯಾಚಾರದ ಭಯ ಎಂದಷ್ಟೇ ತಿಳಿದಿದ್ದ ನಗರದಲ್ಲಿ ನೀಲಿ ಟೋಪಿಯ ಹೆಂಗಸರು ಬಂದೂಕು ಹಿಡಿದು ಬೀದಿ ಕಾದದ್ದಕ್ಕೆ ಬೇರೆಯೇ ಅರ್ಥವಿತ್ತು.

ಬೊಕ್ಕಸದ ಬೀಗ

2005ರ ಅಕ್ಟೋಬರ್‌ನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಫುಟ್‌ಬಾಲ್ ತಾರೆ ಜಾರ್ಜ್ ವಿಯಾ ಮುಂದಿದ್ದರು. ನವೆಂಬರಿನ ಎರಡನೇ ಸುತ್ತಿನಲ್ಲಿ ಶೇ. 59ಕ್ಕೂ ಹೆಚ್ಚು ಮತ ಪಡೆದು ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದರು. ಟಾಲ್ಬರ್ಟ್ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದು, ಡೋ ಕಾಲದಲ್ಲಿ ಜೈಲು ಕಂಡು, ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯಲ್ಲಿ ದುಡಿದಿದ್ದ ಅವರು 2006ರ ಜನವರಿ 16ರಂದು ಪ್ರಮಾಣವಚನ ಸ್ವೀಕರಿಸಿ ಆಫ್ರಿಕದಲ್ಲಿ ಜನರಿಂದ ಆಯ್ಕೆಯಾದ ಮೊದಲ ಮಹಿಳಾ ಅಧ್ಯಕ್ಷರಾದರು. ಅವರಿಗೆ ಸಿಕ್ಕ ಸರ್ಕಾರದ ವಾರ್ಷಿಕ ಬಜೆಟ್ ಸುಮಾರು 8 ಕೋಟಿ ಡಾಲರ್. ಹೊರಗಿನ ಸಾಲ 450 ಕೋಟಿ ಡಾಲರ್‌ಗೂ ಹೆಚ್ಚು. ಸೇಂಟ್ ಪಾಲ್ ನದಿಯ ಮೌಂಟ್ ಕಾಫಿ ಜಲವಿದ್ಯುತ್ ಸ್ಥಾವರ 1990ರಲ್ಲೇ ಹಾಳಾಗಿತ್ತು, ತಂತಿಗಳನ್ನೂ ಬಿಡದೆ ಕಿತ್ತು ಮಾರಲಾಗಿತ್ತು. ಆರು ತಿಂಗಳಲ್ಲಿ ರಾಜಧಾನಿಯ ಕೆಲವು ಭಾಗಗಳಿಗೆ ವಿದ್ಯುತ್ ತರುವುದಾಗಿ ಸರ್ಲೀಫ್ ಮಾತು ಕೊಟ್ಟಿದ್ದರು. 2006ರ ಜುಲೈ 26ರಂದು, ಸ್ವಾತಂತ್ರ್ಯ ದಿನದಂದು, ಬೀದಿ ದೀಪಗಳು ಹದಿನೈದು ವರ್ಷಗಳ ಬಳಿಕ ಹೊತ್ತಿದವು. ಅಂದೇ ಅಧ್ಯಕ್ಷರ ಭವನದಲ್ಲಿ ಬೆಂಕಿ ಬಿದ್ದು, ಮುಂದೆ ವರ್ಷಗಟ್ಟಲೆ ಅಧ್ಯಕ್ಷರು ವಿದೇಶಾಂಗ ಸಚಿವಾಲಯದ ಕಟ್ಟಡದಿಂದಲೇ ಆಡಳಿತ ನಡೆಸಬೇಕಾಯಿತು. ಮೌಂಟ್ ಕಾಫಿಯ ಮೊದಲ ಟರ್ಬೈನ್ ಮತ್ತೆ ತಿರುಗಿದ್ದು 2016ರ ಡಿಸೆಂಬರಿನಲ್ಲಿ.

ಮಧ್ಯಂತರ ಸರ್ಕಾರದ ಕಾಲದ ಲೆಕ್ಕಪರಿಶೋಧನೆಗಳು ಹೊರಗೆಡವಿದ ಲೂಟಿ ಕಂಡು ದಾನಿ ರಾಷ್ಟ್ರಗಳು ಬೇಸತ್ತವು. ಅದರ ಫಲವೇ 2005ರ ಸೆಪ್ಟೆಂಬರಿನಲ್ಲಿ ಬ್ರಯಂಟ್ ಸಹಿ ಹಾಕಿದ, ಜೆಮ್ಯಾಪ್ ಎಂದು ಹೆಸರಾದ ಆಡಳಿತ ಮತ್ತು ಆರ್ಥಿಕ ನಿರ್ವಹಣಾ ಕಾರ್ಯಕ್ರಮ. ಬಂದರು, ವಿಮಾನ ನಿಲ್ದಾಣ, ಪೆಟ್ರೋಲಿಯಂ ನಿಗಮ, ಅರಣ್ಯ ಪ್ರಾಧಿಕಾರ ಮುಂತಾದ ಹಣ ಬರುವ ಕಡೆಗಳಲ್ಲೆಲ್ಲ ವಿದೇಶಿ ಹಣಕಾಸು ನಿಯಂತ್ರಕರು ಕುಳಿತರು. ಕೇಂದ್ರ ಬ್ಯಾಂಕಿನಲ್ಲೂ ಹಾಗೆಯೇ. ಲೈಬೀರಿಯದ ವ್ಯವಸ್ಥಾಪಕರ ಸಹಿಯ ಜತೆಗೆ ಇವರ ರುಜು ಬೀಳದೆ ಚೆಕ್ ಹೊರಗೆ ಹೋಗುವಂತಿರಲಿಲ್ಲ. ಸ್ವತಂತ್ರ ರಾಷ್ಟ್ರದ ಮಾನ ಹೋಯಿತೆಂದು ಹಲವರು ಸಿಟ್ಟಾದರು. ಈ ಸಿಟ್ಟಿಗೆ ಇತಿಹಾಸದ ಬೇರಿತ್ತು: 1912ರ ಸಾಲಕ್ಕಾಗಿ ಸುಂಕದ ಕಟ್ಟೆಗಳನ್ನು ವಿದೇಶಿ ಅಧಿಕಾರಿಗಳಿಗೆ ಒಪ್ಪಿಸಲಾಗಿತ್ತು, 1920ರ ದಶಕದಲ್ಲಿ ಫೈರ್‌ಸ್ಟೋನ್ ಬೆನ್ನಿಗಿದ್ದ ಸಾಲದ ಷರತ್ತಾಗಿ ಮತ್ತೆ ವಿದೇಶಿ ಹಣಕಾಸು ಸಲಹೆಗಾರರು ಬಂದಿದ್ದರು. ಆದರೆ ಆಗ ಬಂದವರು ಸಾಲಗಾರರ ಹಣ ಕಾಯಲು ಬಂದವರು. ಜೆಮ್ಯಾಪ್ ಇದ್ದದ್ದು ಲೈಬೀರಿಯದ ಖಜಾನೆಯನ್ನೇ ಕಾಯಲು. ಈ ವ್ಯತ್ಯಾಸ ದೊಡ್ಡದು. ಸರ್ಲೀಫ್ ಇದನ್ನು ಕಹಿ ಔಷಧವೆಂದು ಒಪ್ಪಿಕೊಂಡು ನಡೆಸಿದರು. ಸರ್ಕಾರದ ವರಮಾನ ಹಲವು ಪಟ್ಟು ಏರಿತು. 2010ರ ಜೂನ್‌ನಲ್ಲಿ ಅತಿ ಸಾಲಗ್ರಸ್ತ ಬಡ ರಾಷ್ಟ್ರಗಳ ಯೋಜನೆಯಡಿ ಸುಮಾರು 460 ಕೋಟಿ ಡಾಲರ್ ಸಾಲಕ್ಕೆ ಪರಿಹಾರ ಸಿಕ್ಕಿತು. ಇಷ್ಟಾದರೂ ನಿಯಂತ್ರಕರು ಹೊರಟ ಮೇಲೆ ಅಭ್ಯಾಸಗಳು ಎಷ್ಟು ಉಳಿದವೆಂಬುದು ವಿವಾದದ ವಿಷಯ. ಭ್ರಷ್ಟಾಚಾರ ವಿರೋಧಿ ಆಯೋಗ 2008ರಲ್ಲಿ ಹುಟ್ಟಿದರೂ ಅದರ ಬಲೆಗೆ ದೊಡ್ಡ ಮೀನುಗಳು ಬಿದ್ದದ್ದು ಕಡಿಮೆ. ಸರ್ಲೀಫ್ ತಮ್ಮ ಮಕ್ಕಳನ್ನೇ ದೊಡ್ಡ ಹುದ್ದೆಗಳಲ್ಲಿ ಕೂರಿಸಿದ್ದು ಅವರ ನೈತಿಕ ಬಲವನ್ನು ಕುಗ್ಗಿಸಿತು.

ಟೇಲರ್‌ನ ಯುದ್ಧಕ್ಕೆ ದುಡ್ಡು ಬಂದದ್ದು ವಜ್ರ ಮತ್ತು ಮರದಿಂದ. ಓರಿಯೆಂಟಲ್ ಟಿಂಬರ್ ಕಂಪನಿ ಕಡಿದ ಮರ ಸಾಗಿಸುವ ಹಡಗುಗಳಲ್ಲೇ ಶಸ್ತ್ರಗಳು ಬರುತ್ತಿದ್ದವು. ಅದರ ಮುಖ್ಯಸ್ಥನಾಗಿದ್ದ ಡಚ್ ವ್ಯಾಪಾರಿ ಗುಸ್ ಕೌವೆನ್‌ಹೋವನ್‌ಗೆ 2017ರಲ್ಲಿ ನೆದರ್ಲೆಂಡ್ಸ್ ನ್ಯಾಯಾಲಯ 19 ವರ್ಷ ಶಿಕ್ಷೆ ವಿಧಿಸಿತು. ಆದ್ದರಿಂದ ಗುತ್ತಿಗೆಗಳ ಮರುಪರಿಶೀಲನೆ ಶಾಂತಿಯ ಕೆಲಸವೇ ಆಗಿತ್ತು. ಮಧ್ಯಂತರ ಸರ್ಕಾರ 2005ರಲ್ಲಿ ಮಿತ್ತಲ್ ಸ್ಟೀಲ್‌ಗೆ ಕೊಟ್ಟಿದ್ದ ನಿಂಬಾ ಕಬ್ಬಿಣದ ಅದಿರಿನ ಗುತ್ತಿಗೆ ಯೆಕೆಪಾದಿಂದ ಬುಕ್ಯಾನನ್ ಬಂದರಿನವರೆಗಿನ ರೈಲುದಾರಿಯನ್ನೂ ಬಂದರನ್ನೂ ಕಂಪನಿಯ ಕೈಗಿತ್ತು ಉದಾರ ತೆರಿಗೆ ರಿಯಾಯಿತಿ ಕೊಟ್ಟಿತ್ತು. 2006ರ ಡಿಸೆಂಬರಿನಲ್ಲಿ ಸರ್ಲೀಫ್ ಸರ್ಕಾರ ಅದನ್ನು ತಿದ್ದಿಸಿ, ರೈಲುದಾರಿ ಮತ್ತು ಬಂದರಿನ ಒಡೆತನವನ್ನು ಸರ್ಕಾರಕ್ಕೆ ಮರಳಿಸಿತು. ಫೈರ್‌ಸ್ಟೋನ್ ಗುತ್ತಿಗೆಯೂ 2008ರಲ್ಲಿ ತಿದ್ದುಪಡಿಯಾಯಿತು. ಹೆಗಲ ಮೇಲಿನ ಅಡ್ಡೆಗೆ ರಬ್ಬರ್ ಹಾಲಿನ ಎರಡು ಬಕೆಟ್ ಕಟ್ಟಿ ಮೈಲಿಗಟ್ಟಲೆ ಹೊರುತ್ತಿದ್ದ, ದಿನದ ಗುರಿ ಮುಟ್ಟಲಾಗದೆ ಮಕ್ಕಳನ್ನೂ ಕೆಲಸಕ್ಕೆ ಎಳೆಯುತ್ತಿದ್ದ ಕೂಲಿಕಾರರಿಗೆ, ಮುಕ್ತವಾಗಿ ಆಯ್ಕೆಯಾದ ಕಾರ್ಮಿಕ ಸಂಘ ಆ ವರ್ಷ ಮೊದಲ ಬಾರಿಗೆ ಒಪ್ಪಂದ ಮಾಡಿಸಿಕೊಟ್ಟಿತು. ಕನ್ನಡ ಓದುಗರಿಗೆ ಪರಿಚಿತ ಹೆಸರೊಂದು ಇಲ್ಲಿ ಬರುತ್ತದೆ: ಚಿತ್ರದುರ್ಗದಲ್ಲೂ ಗಣಿ ಹೊಂದಿದ್ದ ಸೆಸಾ ಗೋವಾ ಕಂಪನಿ 2011ರಲ್ಲಿ ಲೈಬೀರಿಯದ ವೆಸ್ಟರ್ನ್ ಕ್ಲಸ್ಟರ್ ಅದಿರು ಯೋಜನೆಯ ಬಹುಪಾಲು ಷೇರು ಕೊಂಡಿತು. ಅದಿರಿನ ಬೆಲೆ ಕುಸಿತ ಮತ್ತು ಎಬೋಲಾ ಬಂದು ಆ ಕೆಲಸ ವರ್ಷಗಟ್ಟಲೆ ನಿಂತುಹೋಯಿತು.

ಬಾಕಿ ಉಳಿದ ನ್ಯಾಯ

ಟೇಲರ್‌ನನ್ನು 2006ರ ಮಾರ್ಚ್‌ನಲ್ಲಿ ನೈಜೀರಿಯದ ಗಡಿಯಲ್ಲಿ ಹಿಡಿಯಲಾಯಿತು. ದ ಹೇಗ್‌ನಲ್ಲಿ ಕಲಾಪ ನಡೆಸಿದ ವಿಶೇಷ ನ್ಯಾಯಾಲಯ 2012ರಲ್ಲಿ ಅವನಿಗೆ 50 ವರ್ಷ ಸೆರೆವಾಸ ವಿಧಿಸಿತು. ಆದರೆ ಆ ಶಿಕ್ಷೆ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ. ಅವನ ಸ್ವಂತ ದೇಶದಲ್ಲಿ ಸತ್ತವರ ಪರವಾಗಿ ಒಂದು ದಿನವೂ ವಿಚಾರಣೆ ನಡೆದಿಲ್ಲ.

ಲೈಬೀರಿಯದ ಸತ್ಯ ಮತ್ತು ಸಾಮರಸ್ಯ ಆಯೋಗ ಎಲ್ಲ ಕೌಂಟಿಗಳಲ್ಲೂ, ಅಮೆರಿಕದ ಮಿನೆಸೋಟದಲ್ಲಿ ನೆಲೆಸಿದ ನಿರಾಶ್ರಿತರ ನಡುವೆಯೂ ಸಾಕ್ಷ್ಯ ಕೇಳಿತು. 2009ರ ಅದರ ವರದಿ ಯುದ್ಧ ಅಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯ ಬೇಕೆಂದಿತು. ಸಣ್ಣ ಅಪರಾಧಗಳಿಗೆ ಊರ ಹಿರಿಯರು ಕೂರುವ ಪಲಾವರ್ ಹಟ್ ಎಂಬ ಪಂಚಾಯಿತಿಕಟ್ಟೆಯ ಮಾದರಿಯನ್ನು ಸೂಚಿಸಿತು. ಬಂಡಾಯ ಗುಂಪುಗಳಿಗೆ ಬೆಂಬಲ ಕೊಟ್ಟವರನ್ನು 30 ವರ್ಷ ಸಾರ್ವಜನಿಕ ಹುದ್ದೆಯಿಂದ ದೂರ ಇಡಬೇಕೆಂದು ಹೇಳಿ ಹಾಕಿದ ಪಟ್ಟಿಯಲ್ಲಿ, ಟೇಲರ್‌ಗೆ ಆರಂಭದಲ್ಲಿ ಹಣ ಸಹಾಯ ಮಾಡಿದ್ದ ಸರ್ಲೀಫ್ ಹೆಸರೂ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಅದೇ ವರ್ಷ ಸರ್ಲೀಫ್ ಮತ್ತು ಬೋವೀ ಯೆಮನ್‌ನ ತವಕ್ಕುಲ್ ಕರ್ಮಾನ್ ಜತೆ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡರು. ವರದಿಯ ಮುಖ್ಯ ಶಿಫಾರಸುಗಳು ಮೂಲೆಗೆ ಬಿದ್ದವು. ಡೋನನ್ನು ಹಿಂಸಿಸುವ ದೃಶ್ಯದ ವಿಡಿಯೊದಲ್ಲಿ ಜಗತ್ತೇ ಕಂಡ ಪ್ರಿನ್ಸ್ ಜಾನ್ಸನ್ 2006ರಿಂದ 2024ರಲ್ಲಿ ಸಾಯುವವರೆಗೆ ನಿಂಬಾದ ಸೆನೆಟರ್ ಆಗಿದ್ದ. ಅವನ ಬೆಂಬಲವಿಲ್ಲದೆ ಅಧ್ಯಕ್ಷರಾಗುವುದೇ ಕಷ್ಟವಾಗಿತ್ತು. ಶಾಂತಿ ಕೆಡಬಾರದೆಂದು ನ್ಯಾಯವನ್ನು ಮುಂದೂಡಿದ್ದಕ್ಕೆ ಸಿಕ್ಕ ಫಲ ಇದು, ಮತ್ತು ಸಂತ್ರಸ್ತರಿಗೆ ಇದು ಮಾಡಿದ ಅವಮಾನವನ್ನು ಯಾವ ಅಭಿವೃದ್ಧಿ ಅಂಕಿಯೂ ತೊಳೆಯಲಾರದು.

ವಿಚಾರಣೆಗಳು ಪರದೇಶಗಳಲ್ಲಿ ನಡೆದವು. ಟೇಲರ್‌ನ ಮಗ ಚಕಿ ಟೇಲರ್‌ಗೆ ಅಮೆರಿಕದಲ್ಲಿ 97 ವರ್ಷ. ಬಂಡಾಯ ಕಮಾಂಡರ್ ಆಗಿದ್ದ ಅಲಿಯು ಕೊಸಿಯಾಗೆ 2021ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 20 ವರ್ಷ. 2024ರ ಮೇ ತಿಂಗಳಲ್ಲಿ ಅಧ್ಯಕ್ಷ ಜೋಸೆಫ್ ಬೋಕಾಯ್ ಯುದ್ಧ ಮತ್ತು ಆರ್ಥಿಕ ಅಪರಾಧಗಳ ನ್ಯಾಯಾಲಯ ಸ್ಥಾಪಿಸಲು ಕಚೇರಿ ತೆರೆಯುವ ಆದೇಶ ಹೊರಡಿಸಿದರು. 2025ರಲ್ಲಿ ಡೋನ ಮರುಶವಸಂಸ್ಕಾರ ಝ್ವೆದ್ರುವಿನಲ್ಲಿ ನಡೆಯಿತು. ಟಾಲ್ಬರ್ಟ್ ಮತ್ತು ಸಮುದ್ರತೀರದಲ್ಲಿ ಕೊಲ್ಲಲ್ಪಟ್ಟವರಿಗೂ ಸರ್ಕಾರಿ ಗೌರವ ಸಂದಿತು.

ಎಬೋಲಾ ಮತ್ತು ಅಧಿಕಾರ ಹಸ್ತಾಂತರ

2014ರಲ್ಲಿ ಬಂದ ಎಬೋಲಾ, ಪುನರ್ನಿರ್ಮಾಣದ ಹನ್ನೊಂದು ವರ್ಷಗಳನ್ನು ನಿರ್ದಯವಾಗಿ ಪರೀಕ್ಷಿಸಿತು. ದೇಶದಲ್ಲಿದ್ದ ವೈದ್ಯರು ಬೆರಳೆಣಿಕೆಯಷ್ಟು, ಕೈಗವಸುಗಳಿಗೂ ಬರ. ಸತ್ತವರು 4,800ಕ್ಕೂ ಹೆಚ್ಚು. ಸುಮಾರು 190 ಆರೋಗ್ಯ ಕಾರ್ಯಕರ್ತರೂ ಇದರಲ್ಲಿ ಸೇರಿದ್ದಾರೆ. ಆಗಸ್ಟ್‌ನಲ್ಲಿ ಸರ್ಕಾರ ಮಾನ್ರೋವಿಯದ ವೆಸ್ಟ್ ಪಾಯಿಂಟ್ ಕೊಳೆಗೇರಿಯನ್ನು ಮುಳ್ಳುತಂತಿ ಹಾಕಿ ಮುಚ್ಚಿದಾಗ ಸೈನಿಕರ ಗುಂಡಿಗೆ ಹದಿಹರೆಯದ ಹುಡುಗನೊಬ್ಬ ಬಲಿಯಾದ. ರೋಗವೇ ಸುಳ್ಳು, ದಾನಿಗಳ ಹಣ ತಿನ್ನಲು ಸರ್ಕಾರ ಕಟ್ಟಿದ ಕಥೆ ಎಂದು ಜನ ನಂಬಿದ್ದರು. ಬೇಲಿ ತೆಗೆದು, ಊರಿನ ಮುಖಂಡರು, ಪಾದ್ರಿಗಳು, ಇಮಾಮರು ಮತ್ತು ಕೇರಿಯ ಹುಡುಗರ ಕೈಗೆ ಕೆಲಸ ಕೊಟ್ಟ ಮೇಲೆ ಮನೆಮನೆಗೆ ಹೋಗಿ ರೋಗಿಗಳನ್ನು ಪತ್ತೆ ಮಾಡುವುದು ಸಾಧ್ಯವಾಯಿತು, ರೋಗ ಇಳಿಯಿತು. ಮಾನ್ರೋವಿಯದ ಆಡಳಿತವನ್ನು ಜನ ಎಷ್ಟು ಕಡಿಮೆ ನಂಬುತ್ತಿದ್ದರು ಎಂಬುದು ಆ ತಿಂಗಳುಗಳಲ್ಲಿ ತಿಳಿದಷ್ಟು ಯಾವ ಸಮೀಕ್ಷೆಯಲ್ಲೂ ತಿಳಿದಿರಲಿಲ್ಲ.

ಮತಪೆಟ್ಟಿಗೆಯ ವಿಷಯದಲ್ಲಿ ಲೈಬೀರಿಯ ತಲೆಯೆತ್ತಿ ನಿಂತಿದೆ. 2017ರ ಚುನಾವಣೆಯಲ್ಲಿ ಅಕ್ರಮದ ದೂರು ಬಂದಾಗ ಸುಪ್ರೀಂ ಕೋರ್ಟ್ ಎರಡನೇ ಸುತ್ತನ್ನು ತಡೆಹಿಡಿದು ವಿಚಾರಣೆ ನಡೆಸಿತು, ಪಕ್ಷಗಳು ತೀರ್ಪಿಗೆ ಕಾದವು. 2018ರ ಜನವರಿಯಲ್ಲಿ ವಿಯಾ ಅಧಿಕಾರ ವಹಿಸಿಕೊಂಡದ್ದು 1944ರ ನಂತರ ಒಬ್ಬ ಚುನಾಯಿತ ಅಧ್ಯಕ್ಷರಿಂದ ಇನ್ನೊಬ್ಬರಿಗೆ ಆದ ಮೊದಲ ಶಾಂತಿಯುತ ಹಸ್ತಾಂತರ. ಅದೇ ವರ್ಷದ ಮಾರ್ಚ್ 30ಕ್ಕೆ ಶಾಂತಿಪಾಲನಾ ಪಡೆಯ ಅವಧಿಯೂ ಮುಗಿಯಿತು. 2023ರ ನವೆಂಬರಿನಲ್ಲಿ ಬೋಕಾಯ್ ಸುಮಾರು 20,000 ಮತಗಳಿಂದ ಮುಂದಿದ್ದಾಗ, ಅಧಿಕೃತ ಫಲಿತಾಂಶಕ್ಕೂ ಕಾಯದೆ ವಿಯಾ ಸೋಲೊಪ್ಪಿಕೊಂಡರು. ಸುತ್ತಲಿನ ದೇಶಗಳಲ್ಲಿ ಸೈನಿಕ ದಂಗೆಗಳು ಸಾಲುಗಟ್ಟಿದ್ದ ಕಾಲವದು.

ನೆಲದ ಪ್ರಶ್ನೆ

ಯುದ್ಧದಲ್ಲಿ ಓಡಿಹೋಗಿದ್ದ ಮಂಡಿಂಗೋ ವ್ಯಾಪಾರಿಗಳು ನಿಂಬಾದ ಗಾಂಟಾ ಪಟ್ಟಣಕ್ಕೆ ಮರಳಿದಾಗ ಅವರ ಮನೆ ಅಂಗಡಿಗಳಲ್ಲಿ ಗಿಯೋ ಮತ್ತು ಮಾನೋ ಕುಟುಂಬಗಳು ನೆಲೆಯೂರಿದ್ದವು. ಇವರಲ್ಲಿ ಹಲವರು ಟೇಲರ್ ಪರ ಹೋರಾಡಿದವರು, ಊರು ಕಾಪಾಡಿದ್ದಕ್ಕೆ ಸಿಕ್ಕ ಪಾಲೆಂದು ಅದನ್ನು ತಿಳಿದವರು. ಕಾಗದಪತ್ರ ಒಬ್ಬರ ಕೈಲಿ, ಸ್ವಾಧೀನ ಇನ್ನೊಬ್ಬರ ಕೈಲಿ. ಅಧ್ಯಕ್ಷರ ಆಯೋಗ ಕೆಲವರಿಗೆ ಪರಿಹಾರ ಕೊಟ್ಟು ಕೆಲವೆಡೆ ರಾಜಿ ಮಾಡಿಸಿತು. ತಕರಾರು ಪೂರ್ತಿ ತೀರಲಿಲ್ಲ.

ಒಳನಾಡಿನಲ್ಲಿ ತಲೆಮಾರುಗಳಿಂದ ಉಳುತ್ತಿದ್ದವರ ಕೈಯಲ್ಲಿ ಪತ್ರವೇ ಇಲ್ಲ. ಪತ್ರವಿಲ್ಲದ ನೆಲ ಸರ್ಕಾರದ್ದೆಂಬ ನಂಬಿಕೆಯಲ್ಲಿ ಸರ್ಲೀಫ್ ಸರ್ಕಾರವೂ ಹಿಂದಿನವರ ಹಾದಿಯನ್ನೇ ಹಿಡಿಯಿತು: 2009ರಲ್ಲಿ ಸೈಮ್ ಡಾರ್ಬಿಗೆ, 2010ರಲ್ಲಿ ಗೋಲ್ಡನ್ ವೆರೋಲಿಯಂಗೆ ತಾಳೆಎಣ್ಣೆ ತೋಟಕ್ಕಾಗಿ ಲಕ್ಷಗಟ್ಟಲೆ ಹೆಕ್ಟೇರ್ ಗುತ್ತಿಗೆ ಕೊಟ್ಟಿತು. ಬೆಳೆ, ಗೋರಿ, ದೇವರ ಕಾಡು ಕಳೆದುಕೊಂಡ ಹಳ್ಳಿಗರು ತಡೆಯೊಡ್ಡಿದರು. ಖಾಸಗಿ ಬಳಕೆಯ ಪರವಾನಗಿಗಳ ಹೆಸರಿನಲ್ಲಿ ದೇಶದ ಕಾಲು ಭಾಗದಷ್ಟು ನೆಲದ ಮರ ಕಡಿಯುವ ಹಕ್ಕು ಕಂಪನಿಗಳ ಪಾಲಾಗಿದ್ದು 2012ರಲ್ಲಿ ಬಯಲಾದಾಗ ಸರ್ಕಾರ ಅವನ್ನು ತಡೆಹಿಡಿಯಬೇಕಾಯಿತು. ವರ್ಷಗಳ ಹೋರಾಟದ ಬಳಿಕ 2018ರ ಸೆಪ್ಟೆಂಬರಿನಲ್ಲಿ ಭೂಹಕ್ಕು ಕಾಯಿದೆ ಬಂತು. ಪತ್ರವಿರಲಿ ಇಲ್ಲದಿರಲಿ, ಸಮುದಾಯಗಳು ಸಂಪ್ರದಾಯದಂತೆ ಅನುಭವಿಸುತ್ತ ಬಂದ ನೆಲ ಅವರ ಸ್ವತ್ತೆಂದು ಅದು ಒಪ್ಪಿತು. ನೆಲ ನೋಡಿಕೊಳ್ಳುವ ಸಮಿತಿಯಲ್ಲಿ ಗಂಡಸರು, ಹೆಂಗಸರು, ಯುವಜನರಿಗೆ ಸಮ ಸ್ಥಾನ ಇರಬೇಕೆಂದಿತು. ಈ ಲೇಖನದಲ್ಲಿ ಹೇಳಿದ ಸುಧಾರಣೆಗಳಲ್ಲಿ ಹಳೆಯ ರಾಜ್ಯದ ಬುಡಕ್ಕೇ ಕೈಹಾಕಿದ್ದು ಇದೊಂದೇ.

ನೆಲದ ಒಡೆತನ ಪೌರತ್ವಕ್ಕೂ ಕಟ್ಟುಬಿದ್ದಿದೆ. ಆಫ್ರಿಕನ್ ಕಪ್ಪು ಮೂಲದವರಿಗೆ ಮಾತ್ರ ಪೌರತ್ವ ಎಂಬ ಷರತ್ತು 1986ರ ಸಂವಿಧಾನದಲ್ಲೂ ಮುಂದುವರಿದಿರುವುದರಿಂದ, ಮಾನ್ರೋವಿಯದಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸುವ ಲೆಬನಾನಿನವರಾಗಲಿ ಅಲ್ಲಿನ ಭಾರತೀಯ ವರ್ತಕರಾಗಲಿ ಪೌರರಾಗುವಂತಿಲ್ಲ, ನೆಲ ಕೊಳ್ಳುವಂತಿಲ್ಲ. ವಿಯಾ ಇದನ್ನು ಬದಲಿಸಬೇಕೆಂದರೂ ಆಗಲಿಲ್ಲ. ಕೌಂಟಿಗಳ ಸೂಪರಿಂಟೆಂಡೆಂಟರನ್ನು ಇಂದಿಗೂ ಅಧ್ಯಕ್ಷರೇ ನೇಮಿಸುತ್ತಾರೆ; 2018ರ ಸ್ಥಳೀಯ ಆಡಳಿತ ಕಾಯಿದೆ ಹೇಳಿದ ಕೌಂಟಿ ಮಂಡಳಿಗಳು ನಿಧಾನವಾಗಿ ರೂಪುಗೊಳ್ಳುತ್ತಿವೆ. ಭೂಹಕ್ಕು ಕಾಯಿದೆಯಡಿ ಹಕ್ಕುಪತ್ರ ಪಡೆಯಲು ಒಂದು ಸಮುದಾಯ ತನ್ನನ್ನು ಗುರುತಿಸಿಕೊಂಡು, ಉಪನಿಯಮ ಬರೆದು, ನೆರೆಯ ಹಳ್ಳಿಗಳೊಂದಿಗೆ ಗಡಿ ಒಪ್ಪಿಕೊಂಡು, ಕೊನೆಗೆ ಭೂ ಪ್ರಾಧಿಕಾರದ ಮೋಜಣಿದಾರರು ಬಂದು ಅಳೆಯುವವರೆಗೆ ಕಾಯಬೇಕು. ಮೋಜಣಿದಾರರು ಕಡಿಮೆ, ಖರ್ಚು ಹೆಚ್ಚು. ಹಲವು ಸಮುದಾಯಗಳು ಗಡಿ ಒಪ್ಪಂದದ ಹಂತ ದಾಟಿ ಅಳತೆಗಾಗಿ ಕಾದಿವೆ.